ಎಂಟು ಗುರುತಿನ ಚೀಟಿ, ಒಬ್ಬಳೇ ನಟಿ

ರಂಗಮಂದಿರದ ಬೀಗದಕೈ ಕಾಯುವ ಮಾನ್ಯ ವ್ಯವಸ್ಥಾಪಕ ಅಧಿಕಾರಿಗಳೇ,

ನನ್ನ ನಾಟಕಕ್ಕೆಂದು ಕೊಟ್ಟಿದ್ದ ಒಂದು ಸಂಜೆಯನ್ನು ನೀವು ಕಿತ್ತುಕೊಂಡಿದ್ದೀರಿ. ತಂಡದ ಎಂಟು ಕಲಾವಿದರಲ್ಲಿ ಆರು ಮಂದಿ ಖುದ್ದು ಹಾಜರಾಗಿ ಸಹಿ ಮಾಡಲಿಲ್ಲ ಎಂಬುದು ನಿಮ್ಮ ಪತ್ರದಲ್ಲಿರುವ ಕಾರಣ. ತಪ್ಪು ಮಾಹಿತಿ ಕೊಟ್ಟ ಶಿಕ್ಷೆಗೆ ಇನ್ನು ಮೂರು ವರ್ಷ ನನಗೆ ವೇದಿಕೆ ಇಲ್ಲವಂತೆ. ನನಗೀಗ ಐವತ್ತೊಂಬತ್ತು. ನೆಲಕ್ಕೆ ಕೂತರೆ ಏಳಲು ಗೋಡೆ ಬೇಕು. ಮೂರು ವರ್ಷ ನಿಮ್ಮ ಕಡತಕ್ಕೆ ಒಂದು ನಿದ್ದೆ, ನನ್ನ ಮಂಡಿಗೆ ಹಾಗಲ್ಲ. ನಾಲ್ಕು ಸಲ ನಿಮಗೊಬ್ಬರಿಗೇ ಬರೆದೆ, ಉತ್ತರ ಬರಲಿಲ್ಲ. ಈ ಸಲ ಊರೇ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ನಾಟಕ ಬರೆಯುತ್ತೇನೆ, ಆಡಿಸುತ್ತೇನೆ, ಆಡುತ್ತೇನೆ. ನಿಮ್ಮ ಅರ್ಜಿಯಲ್ಲಿ ಈ ಮೂರಕ್ಕೂ ಚೌಕಗಳಿವೆ, ಆದರೆ ಯಾವುದಾದರೂ ಒಂದಕ್ಕೆ ಮಾತ್ರ ಗುರುತು ಹಾಕಬೇಕಂತೆ. ಯಾವುದನ್ನು ಬಿಡಲಿ? ಹದಿನೇಳನೇ ವಯಸ್ಸಿಗೆ ಗುಳೇದಗುಡ್ಡದ ಕಡೆಯ ಒಂದು ನಾಟಕ ಕಂಪನಿ ಸೇರಿದವಳು ನಾನು. ಕಂಪನಿ ಮುಚ್ಚಿದ ಮೇಲೆ ಬೆಂಗಳೂರಿಗೆ ಬಂದು ಮೂಡಲಪಾಳ್ಯದ ಒಂದು ವಠಾರದಲ್ಲಿ ಕೋಣೆ ಹಿಡಿದೆ. ಇಲ್ಲಿನ ತಂಡಗಳು ಪ್ರೀತಿಯಿಂದಲೇ ಕರೆದವು. ಒಬ್ಬ ನಿರ್ದೇಶಕರು ನನ್ನ ಮಾತು ಕೇಳಿದ್ದೇ, "ನಿಮ್ ಭಾಷೆ ಕೆಲಸದವಳಿಗೆ ಪರ್ಫೆಕ್ಟಾಗಿ ಕೂರುತ್ತೆ ಮೇಡಂ" ಅಂದರು. ಹಾಗೆ ಹದಿನಾಲ್ಕು ವರ್ಷ ವೇದಿಕೆಯ ಮೇಲೆ ಕಾಫಿ ತಟ್ಟೆ ಹೊತ್ತೆ. ನಾನು 'ಬರ್ರಿ' ಅಂದರೆ ಸಾಕು, ಜನ ನಗುತ್ತಿದ್ದರು. ಅದರಲ್ಲಿ ನಗುವಂಥದ್ದು ಏನಿದೆ ಸ್ವಾಮಿ? ನಮ್ಮೂರಲ್ಲಿ ಅಷ್ಟು ಹೇಳಿದರೆ ಜನ ಒಳಗೆ ಬಂದು ಕೂರುತ್ತಾರೆ.

ಕೊನೆಗೆ ತಟ್ಟೆ ಕೆಳಗಿಟ್ಟು ನನ್ನದೇ ನಾಟಕ ಬರೆದೆ. ಅದರಲ್ಲಿದ್ದವರೆಲ್ಲ ನಮ್ಮ ವಠಾರದವರೇ: ರೊಟ್ಟಿ ಬಡಿಯುವ ಮುತ್ತವ್ವ, ಗಾರೆ ಕೆಲಸದ ಮಡಿವಾಳಪ್ಪ, ವಿಜಯನಗರದ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದ ಬಾಳೇಶ, ಬೈಕಿನಲ್ಲಿ ಊಟ ತಲುಪಿಸುವ ಅಮರೇಶ, ಇನ್ನೂ ಮೂವರು. ಭಾನುವಾರ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ತಾಲೀಮು ನಡೆಯುತ್ತಿತ್ತು. ಅವರವರ ಪಾತ್ರ ಅವರೇ ಆಡಬೇಕೆಂದು ಮಾತಾಗಿತ್ತು. ಅಷ್ಟರಲ್ಲಿ ಮಾಲೀಕರು ವಠಾರ ಕೆಡವಿದರು. ಬಾಳೇಶ ಪರೀಕ್ಷೆ ಪಾಸಾಗದೆ ಊರಿಗೆ ಹೋದ. ಮಡಿವಾಳಪ್ಪ ಯಾವ ಕಟ್ಟಡ ಎಬ್ಬಿಸುತ್ತಿದ್ದಾನೋ ಗೊತ್ತಿಲ್ಲ. ಒಬ್ಬೊಬ್ಬರು ಬಿಟ್ಟುಹೋದ ಹಾಗೆ ಅವರ ಪಾತ್ರ ನನ್ನ ಪಾಲಿಗೆ ಬಂತು. ಅದನ್ನು ಏಕವ್ಯಕ್ತಿ ಪ್ರಯೋಗ ಎಂದು ಯಾರೋ ಹೊಗಳಿ ಬರೆದರು. ಪ್ರಯೋಗವೂ ಇಲ್ಲ, ಮಣ್ಣೂ ಇಲ್ಲ. ಜನ ಉಳಿಯಲಿಲ್ಲ, ಅಷ್ಟೆ. ಈಗ ಚಂದ್ರಾ ಲೇಔಟಿನ ನನ್ನ ಕೋಣೆಯಲ್ಲಿ ಏಳು ದನಿ ತೆಗೆದು ಮಾತಾಡುತ್ತೇನೆ, ಆಮೇಲೆ ಒಬ್ಬಳೇ ಉಣ್ಣುತ್ತೇನೆ.

ಇನ್ನು ನನ್ನ ತಪ್ಪಿನ ವಿಚಾರ. ಎಂಟು ಜನರಿಲ್ಲದ ತಂಡಕ್ಕೆ ರಂಗಮಂದಿರ ಕೊಡುವುದಿಲ್ಲ ಎಂಬ ನಿಯಮ ನಿಮ್ಮದು. ಕಂಪನಿ ನಾಟಕದ ಹ್ಯಾಂಡ್‌ಬಿಲ್ ನೋಡಿ ಬೆಳೆದ ಕೈ ನನ್ನದು. ಅದರಲ್ಲಿ ಎಡಕ್ಕೆ ಪಾತ್ರದ ಹೆಸರು, ಬಲಕ್ಕೆ ಆಡುವವರ ಹೆಸರು. ಅರ್ಜಿಯ ಕಲಾವಿದರ ಪಟ್ಟಿಯನ್ನೂ ಹಾಗೆಯೇ ತುಂಬಿದೆ. ಎಡಕ್ಕೆ ವಠಾರದ ಏಳು ಮಂದಿ, ಎಂಟನೆಯದಾಗಿ ಕತೆ ಹೇಳುವ ಕಲಾವತಿ. ಬಲಕ್ಕೆ ಒಮ್ಮೆ 'ಕಲಾವತಿ' ಎಂದು ಬರೆದು ಕೆಳಗಿನವರೆಗೆ ಒಂದು ಗೆರೆ ಎಳೆದೆ. ನಿಮ್ಮ ಗುಮಾಸ್ತರು ಎಡಗಡೆಯನ್ನಷ್ಟೇ ಓದಿ ಎಂಟು ಗುರುತಿನ ಚೀಟಿ ಬರೆಸಿಟ್ಟರು. ನಾನು ಆಗಲೇ ಹೇಳಬೇಕಿತ್ತು, ಒಪ್ಪುತ್ತೇನೆ. ಆದರೆ ಮೇಜಿನ ಮೇಲೆ ಆ ಎಂಟೂ ಹೆಸರು ಒಟ್ಟಿಗೆ ಕೂತಿದ್ದವು. ವಠಾರ ಬಿದ್ದ ಮೇಲೆ ಅವರೆಲ್ಲ ಒಂದೆಡೆ ಸೇರಿದ್ದು ಅದೇ ಮೊದಲು.

ಎಲ್ಲರೂ ಬಂದು ಫೋಟೋ ಅಂಟಿಸಿ ಸಹಿ ಹಾಕಬೇಕು ಎಂದರು. ಬೆಂಗಳೂರಲ್ಲಿ ನನ್ನ ಕೈಗೆ ಸಿಗುವಂತೆ ಉಳಿದಿದ್ದವಳು ಮುತ್ತವ್ವ ಒಬ್ಬಳೇ, ಗೋವಿಂದರಾಜನಗರದಲ್ಲಿ ತಂಗಿ ಮಗಳ ಮನೆಯಲ್ಲಿ. ಎಪ್ಪತ್ತಾರು ವಯಸ್ಸು. ಮಾತು ನೆನಪಿರುವುದಿಲ್ಲ ಎಂದು ಪಾತ್ರವನ್ನು ನನಗೇ ಬಿಟ್ಟುಕೊಟ್ಟಿದ್ದಳು, ಆದರೆ ಅದನ್ನು ಎದುರು ಕೂತು ನೋಡಬೇಕೆಂಬ ಆಸೆ ಬಿಟ್ಟಿರಲಿಲ್ಲ. ಆಟೋದಲ್ಲಿ ಕರೆತಂದೆ. ಮಿಕ್ಕ ಆರು ಮಂದಿ ಎಲ್ಲಿ ಎಂದು ಗುಮಾಸ್ತರು ಗದರಿದಾಗ ನಾನು ತಲೆ ತಗ್ಗಿಸಿದೆ. ಆಕೆ ತಗ್ಗಿಸಲಿಲ್ಲ.

"ನಾ ಬಂದೀನಲ್ರೀ. ಮೊದಲ ನನ್ನ ಎಣಿಸ್ಕೋರಿ" ಎಂದು ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಚೀಟಿಯನ್ನು ನನ್ನ ಕಣ್ಣೆದುರು ಹಿಡಿದು, ಅದರಲ್ಲಿ ಏನು ಬರೆದಿದ್ದಾರೆ ಎಂದು ಕೇಳಿದಳು. ಮುತ್ತವ್ವ, ರಂಗಕಲಾವಿದೆ ಎಂದು ಓದಿದೆ.

"ಇನ್ನೊಮ್ಮೆ ಓದವಾ" ಅಂದಳು.

ಓದಿದೆ. ಗುಮಾಸ್ತರು ಚೀಟಿಯನ್ನು ಕಡತಕ್ಕೆ ಸೇರಿಸಿಕೊಂಡರು, ಎಂಟೂ ಆದ ಮೇಲೆ ಒಟ್ಟಿಗೆ ಕೊಡುತ್ತೇವೆ ಎಂದರು. ಮಿಕ್ಕ ಆರು ಆಗಲೇ ಇಲ್ಲ. ಕೊನೆಗೆ ನಾನೇ ನಿಜ ಹೇಳಿದೆ, ಎಂಟನ್ನೂ ಆಡುವವಳು ನಾನೊಬ್ಬಳೇ ಎಂದು. ನಿಜ ಹೇಳಿದ ಮೇಲೆ ಅದು ತಪ್ಪು ಮಾಹಿತಿಯಾಯಿತು. ನಿಮ್ಮ ಪತ್ರ ಬಂದ ಹನ್ನೆರಡನೇ ದಿನ ಮುತ್ತವ್ವ ತೀರಿಕೊಂಡಳು. ನಾಟಕ ರದ್ದಾಗಿದೆ ಎಂದು ಆಕೆಗೆ ಹೇಳುವ ಧೈರ್ಯ ನನಗೆ ಬಂದಿರಲಿಲ್ಲ. ಆ ಸಂಜೆಗೆಂದು ಇಳಕಲ್ ಸೀರೆಗೆ ಇಸ್ತ್ರಿ ಮಾಡಿಸಿ ಇಟ್ಟಿದ್ದಳು, ಅದನ್ನೇ ಉಡಿಸಿದರು.

ಮಾನ್ಯರೇ, ನಿಮ್ಮ ವೇದಿಕೆಯ ಮೇಲೆ ಸನ್ಮಾನಕ್ಕೆಂದು ನಲವತ್ತು ಜನ ಸಾಲಾಗಿ ಕೂತು ಶಾಲು ಬದಲಾಯಿಸಿಕೊಳ್ಳುವುದನ್ನು ನೋಡಿದ್ದೇನೆ. ಅಲ್ಲಿ ಕಲಾವಿದರು ಎಷ್ಟು ಮಂದಿ ಎಂದು ಯಾರಾದರೂ ಎಣಿಸಿದರೇ? ಒಬ್ಬಳು ಎಂಟು ಮಂದಿಯನ್ನು ಹೊತ್ತು ಬಂದರೆ ಅದು ಮೋಸ, ಎಂಟು ಮಂದಿ ಕೂತು ಒಬ್ಬರ ಕೆಲಸವನ್ನೂ ಮಾಡದಿದ್ದರೆ ಅದು ಕಚೇರಿ, ಹೀಗೇನು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಹಳೆಯದು. ಇಲ್ಲಿ ದೇವರೂ ನೀವೇ, ಪೂಜಾರಿಯೂ ನೀವೇ. ನೀವೂ ಏಕವ್ಯಕ್ತಿ ಪ್ರಯೋಗವೇ ಅಲ್ಲವೇ?

ನನಗೆ ಒಂದು ಸಂಜೆ ಕೊಡಿ. ಹಾಜರಿ ಪುಸ್ತಕ ಹಿಡಿದು ಮೊದಲ ಸಾಲಿನಲ್ಲಿ ಕೂರಿ. ಮಡಿವಾಳಪ್ಪ ಬರುತ್ತಾನೆ, ಬಾಳೇಶ ಬರುತ್ತಾನೆ, ಒಬ್ಬೊಬ್ಬರಾಗಿ ಎಲ್ಲರೂ ಬರುತ್ತಾರೆ, ಎಣಿಸಿಕೊಳ್ಳಿ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಮಾತ್ರ ಯಾರನ್ನೂ ಕೂರಿಸಬೇಡಿ.

ಅದೂ ಆಗದಿದ್ದರೆ ಇಷ್ಟಾದರೂ ಮಾಡಿ. ರುದ್ರಭೂಮಿಯ ಅರ್ಜಿಯಲ್ಲಿ ಮೃತರ ಉದ್ಯೋಗ ಎಂಬಲ್ಲಿ ಅಲ್ಲಿನವರು ಏನೂ ಕೇಳದೆ ಒಂದು ಗೆರೆ ಎಳೆದರು. ನಿಮ್ಮ ರದ್ದಾದ ಕಡತದಲ್ಲಿ ಮುತ್ತವ್ವನ ಚೀಟಿ ಇದೆ, ಫೋಟೋ ಇದೆ, ಹೆಬ್ಬೆಟ್ಟಿದೆ. ಆಕೆಯನ್ನು ಕಲಾವಿದೆ ಎಂದು ಕರೆದ ಕಾಗದ ಈ ಲೋಕದಲ್ಲಿ ಅದೊಂದೇ. ಅದನ್ನು ಹರಿಯಬೇಡಿ. ನನಗೆ ಕೊಡಿ.

ಇಂತಿ,
ಹಾಜರಿದ್ದ ಇಬ್ಬರಲ್ಲಿ ಉಳಿದವಳು,
ಕಲಾವತಿ
ಚಂದ್ರಾ ಲೇಔಟ್