ಎರಡನೆಯ ಮದರ್‌ಬೋರ್ಡ್

ಕೋಟ್ಕಾ,
ಶನಿವಾರ, ೧೩ ನವೆಂಬರ್ ೨೦೦೪

ಪ್ರೀತಿಯ ಔಲಿಸ್,

ಹಡಗಿನಲ್ಲಿ ಹೊಟ್ಟೆಗೆ ಸರಿಯಾಗಿ ಬೀಳುತ್ತಿದೆಯೇ? ಬಿಸ್ಕೇ ಕೊಲ್ಲಿಯಲ್ಲಿ ಗಾಳಿ ಜೋರೆಂದು ರೇಡಿಯೋದಲ್ಲಿ ಕೇಳಿದೆ. ಬೆನ್ನುನೋವು ಮತ್ತೆ ಬಂದರೆ ಮುಚ್ಚಿಡಬೇಡ. ಅತ್ತೆ ಗಟ್ಟಿಯಾಗಿದ್ದಾರೆ, ಸದ್ಯಕ್ಕೆ ಮೇಣದಬತ್ತಿಯ ಬೆಳಕಿನಲ್ಲಿ ಕಾಫಿ ಕುಡಿಯುತ್ತಾ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಯಾಕೆಂದು ಹೇಳುತ್ತೇನೆ.

ನೀನು ಹೋದ ಮೂರನೇ ವಾರ ಕಂಪ್ಯೂಟರಿನ ಪರದೆ ಕಪ್ಪಾಯಿತು. ಫ್ಯಾನು ತಿರುಗುತ್ತಿತ್ತು, ಚಿತ್ರವಿಲ್ಲ. ನಾನು ಮಾಡುತ್ತಿದ್ದ ಚರ್ಚಿನ ಪತ್ರಿಕೆ ಅರ್ಧಕ್ಕೆ ನಿಂತಿತು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಹೋಗಿರಬೇಕೆಂದು ಕಂಪ್ಯೂಟರಿನ ಡಬ್ಬಿಯನ್ನು ರೈನೆಯ ರಿಪೇರಿ ಅಂಗಡಿಗೆ ಒಯ್ದೆ. ಅವನು ನಮ್ಮ ಕಾರ್ಡನ್ನು ಕಿತ್ತು ತನ್ನ ಯಂತ್ರಕ್ಕೆ ಹಾಕಿದ. ಚಿತ್ರ ಚೊಕ್ಕವಾಗಿ ಬಂತು. ತನ್ನದನ್ನು ನಮ್ಮದಕ್ಕೆ ಹಾಕಿದ, ಕಪ್ಪೇ. ಅಂದರೆ ಕೆಟ್ಟಿದ್ದು ಕಾರ್ಡನ್ನು ಕೂರಿಸುವ ಮುಖ್ಯ ಹಲಗೆ, ಮದರ್‌ಬೋರ್ಡ್. ಹೊಸದು ಹಾಕಿಸಿ ತಂದೆ. ನಾಲ್ಕೇ ದಿನಕ್ಕೆ ಅದೂ ಸತ್ತಿತು. ರೈನೆ ಎಂಥ ಬಾಯಿಬಡುಕ ಅಂತ ನಿನಗೆ ಗೊತ್ತಲ್ಲ, ಅವನೂ ಹರಟೆ ಬಿಟ್ಟು ಸುಟ್ಟ ಬೋರ್ಡನ್ನು ಮೂಸಿ ನೋಡಿದ. ಆಮೇಲೆ, "ಬೋರ್ಡನ್ನ ಏನೋ ಸುಡ್ತಾ ಇದೆ ಸೈಮಿ. ಅದು ನಿಮ್ಮನೇಲೇ ಇದೆ" ಅಂದ.

ಇವತ್ತು ಮಧ್ಯಾಹ್ನ ಮನೆಗೆ ಬಂದು, ಡಬ್ಬಿಯನ್ನು ಅದರ ಜಾಗದಲ್ಲೇ ಪ್ಲಗ್ಗಿಗೆ ಸಿಕ್ಕಿಸಿ, ಟೆಸ್ಟರನ್ನು ಡಬ್ಬಿಯ ತಗಡಿಗೆ ತಾಗಿಸಿದ. ದೀಪ ಹೊತ್ತಿತು. ನನ್ನನ್ನು ಹಿಂದಕ್ಕೆ ತಳ್ಳಿ, ಮೇನ್ ಸ್ವಿಚ್ ಆರಿಸಿ, ಗೋಡೆಯ ಪ್ಲಗ್ ಬಿಚ್ಚಿದ. ನಮ್ಮದು ಹಳೇ ಎರಡು ತಂತಿಯ ಮನೆ, ನೆಲಕ್ಕಿಳಿಯುವ ಅರ್ತ್ ತಂತಿ ಇಲ್ಲ. ವಸಂತದಲ್ಲಿ ಹೊಸ ಪ್ಲಗ್ ಕೂರಿಸುವಾಗ ನೀನು ಕರೆಂಟು ಮರಳುವ ನ್ಯೂಟ್ರಲ್ ತಂತಿಯನ್ನೇ ಅರ್ತಿಗೂ ಸೇರಿಸಿದ್ದೀಯ. ಆ ತಂತಿ ಗೋಡೆಯ ಹಿಂದೆ ಎಲ್ಲೋ ಸಡಿಲವಾಗಿ ಬಿಟ್ಟುಕೊಂಡಾಗಲೆಲ್ಲ ಕರೆಂಟು ನೇರ ತಗಡಿಗೆ ಬರುತ್ತಿತ್ತಂತೆ. ಅತ್ತೆ ಎಷ್ಟೋ ದಿನದಿಂದ, "ಆ ಡಬ್ಬಿ ಒರೆಸೋಕೆ ಹೋದ್ರೆ ಕಚ್ಚತ್ತೆ ಕಣೆ" ಎನ್ನುತ್ತಿದ್ದರು. ವಯಸ್ಸಾಯಿತು, ನರಗಳ ತೊಂದರೆ ಎಂದುಬಿಟ್ಟಿದ್ದೆ. ರೈನೆಯ ಎದುರಿಗೇ ಮೆಲ್ಲಗೆ ಕೇಳಿದರು: "ನಾನು ಹೇಳಿದಾಗ ನಂಬಲಿಲ್ಲ, ಆ ಡಬ್ಬಿ ಸತ್ತ ಮೇಲೆ ನಂಬಿದೆಯಾ?" ನಾನು ಮೇಣದಬತ್ತಿ ಹುಡುಕಲು ಹೋದೆ.

ಸೋಮವಾರ ಎಲೆಕ್ಟ್ರಿಷಿಯನ್ ಬರುತ್ತಾನೆ, ಅಲ್ಲಿಯವರೆಗೆ ಮೇನ್ ಹಾಕಬಾರದಂತೆ. ಅತ್ತೆ ನಿನಗೆ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಾರೆ, ಬೈಗುಳವನ್ನೂ ಅದರೊಳಗೇ ತುಂಬಿ ಕಳಿಸುತ್ತಾರಂತೆ. ಕಡಲು ನಿನ್ನನ್ನು ಕ್ಷೇಮವಾಗಿ ಮರಳಿಸಲಿ.

ನಿನ್ನ,
ಸೈಮಿ

ಮರೆತದ್ದು: ಲಕೋಟೆ ಅಂಟಿಸುವಾಗ ಅತ್ತೆ ನೆನಪಿಸಿದರು. ನಮ್ಮ ಪ್ಲಗ್ ಕೂರಿಸಿದ ವಾರವೇ ನೀನು ನಿನ್ನ ತಂಗಿ ಹಿಲ್ಕಳ ಸೌನಾಕ್ಕೂ, ಆ ಹಬೆಸ್ನಾನದ ಕೋಣೆಗೂ, ತಂತಿ ಎಳೆದೆಯಂತೆ. ಕಬ್ಬಿಣದ ಕರೆಂಟ್ ಒಲೆ, ಒದ್ದೆ ಕಾಲು. ಶನಿವಾರ ಸಂಜೆ ಅವರೆಲ್ಲ ಸ್ನಾನಕ್ಕೆ ಇಳಿಯುವ ಹೊತ್ತು. ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತುತ್ತಿಲ್ಲ. ರೈನೆ ಕಾರು ತೆಗೆದಿದ್ದಾನೆ, ಹೊರಟೆ. ಇನ್ನೂ ಯಾರ ಯಾರ ಮನೆಯಲ್ಲಿ ಕೈಯಿಟ್ಟಿದ್ದೀಯ, ಒಂದನ್ನೂ ಬಿಡದೆ ಬರೆ.