ಮೇ ತಿಂಗಳ ಬೆಂಕಿ

ಬುರಿತಿ ಆಲ್ತೊ, ತೊಕಾಂಟಿನ್ಸ್
2 ನವೆಂಬರ್ 2017, ಗುರುವಾರ

ಪ್ರೀತಿಯ ಜೊವೆಂಟಿನೊ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ಹೆಂಚಿನ ಕಾರ್ಖಾನೆಯ ಗೇಟಿನಲ್ಲಿ ದಿನವಿಡೀ ನಿಲ್ಲಬೇಡ, ಒಂದು ಸ್ಟೂಲು ಕೇಳು. ಕೊಡದಿದ್ದರೆ ನೀನೇ ಒಯ್ದು ಇಟ್ಟುಕೋ. ನಾನು ಚೆನ್ನಾಗಿದ್ದೇನೆ. ಇವತ್ತು ಸತ್ತವರ ದಿನ. ಬೆಳಿಗ್ಗೆ ಅಪ್ಪ ಅಮ್ಮನ ಗೋರಿಗೆ ಹೋಗಿ ನಿನ್ನ ಪಾಲಿನ ಮೇಣದಬತ್ತಿಯನ್ನೂ ನಾನೇ ಹಚ್ಚಿ ಬಂದೆ. ಪೆಕಿ ಹಣ್ಣು ಉದುರಲು ಶುರುವಾಗಿದೆ. ಅನ್ನಕ್ಕೆ ಹಾಕಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ನಿನಗೆ ಎಷ್ಟು ಇಷ್ಟವೆಂದು ನೆನಪಾಗಿ ಅಳುವಿಗಿಂತ ಹೆಚ್ಚು ಸಿಟ್ಟೇ ಬಂತು.

ಈಗ ಸುದ್ದಿ. ಹುಲ್ಲಿಗೆ ಬೆಂಕಿ ಇಟ್ಟೆ ಎಂದು ಮೀಸಲು ಪ್ರದೇಶದವರು ನಿನ್ನನ್ನು ಜೀಪಿಗೆ ಹತ್ತಿಸಿದರಲ್ಲ, ಅದಾದ ಮೇಲೆ ಎಂಟು ವರ್ಷ ಈ ಬಯಲಿನಲ್ಲಿ ಯಾರೂ ಕಡ್ಡಿ ಗೀರಲಿಲ್ಲ. ಎರಡು ತಿಂಗಳು ಲಾಕಪ್ಪಿನಲ್ಲಿದ್ದು ಬಂದವನು ನೀನು ಯಾರ ಮುಖವನ್ನೂ ನೋಡದೆ ಬಸ್ಸು ಹತ್ತಿದ್ದನ್ನು ಎಲ್ಲರೂ ಕಂಡಿದ್ದರು. ಒಣಹುಲ್ಲಿನ ಮೇಲೆ ಹುಲ್ಲು ಬೆಳೆದು ಸೊಂಟದೆತ್ತರಕ್ಕೆ ದಟ್ಟವಾಯಿತು. ನಾವು ಬುಟ್ಟಿ ಹೆಣೆಯುವ ಚಿನ್ನದ ಹುಲ್ಲು ಅದರಡಿ ಸಿಕ್ಕಿಕೊಂಡು ಹೂವು ಬಿಡುವುದನ್ನೇ ಕಡಿಮೆ ಮಾಡಿತು.

ಮೂರು ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಲೂಸಿಮಾರಾ ಎಂಬ ಸಂಶೋಧಕಿ ಬಂದಳು. ಕಬ್ಬಿಣದ ಗೂಟ ನೆಟ್ಟು, ದಾರ ಕಟ್ಟಿ, ಮಂಡಿಯೂರಿ ಒಂದೊಂದೇ ಗಿಡ ಎಣಿಸುವವಳು. ನಮಗೆಲ್ಲ ನಗು. ಒಂದು ದಿನ ನಮ್ಮ ಹೊಸ್ತಿಲಲ್ಲಿ ಕೂತು, "ದೊರ್ವಲಿನಕ್ಕಾ, ಬೆಂಕಿ ಇಡೋದು ಹೇಗಂತ ಹೇಳಿಕೊಡ್ತೀರಾ? ಪರವಾನಗಿ ತಂದಿದ್ದೀನಿ" ಅಂದಳು. "ಹೇಳಿಕೊಡೋನನ್ನ ಊರು ಬಿಡಿಸಿಬಿಟ್ಟು ಈಗ ನನ್ನ ಕೇಳ್ತೀರೇನಮ್ಮಾ?" ಅಂದೆ. ತಲೆ ತಗ್ಗಿಸಿದಳು, ಆದರೆ ಎದ್ದು ಹೋಗಲಿಲ್ಲ. ಅದಕ್ಕೇ ಹೇಳಿಕೊಟ್ಟೆ. ನೀನು ಕಲಿಸಿದಂತೆಯೇ: ಮಳೆ ನಿಂತ ಮೇಲೆ ಮೇ ತಿಂಗಳಲ್ಲಿ, ಬುಡದಲ್ಲಿ ಪಸೆ ಇರುವಾಗಲೇ, ಗಾಳಿಗೆ ಎದುರಾಗಿ, ಬುರಿತಿ ತಾಳೆಗಳ ಜವುಗಿನ ಕಡೆಗೆ. ಜವುಗು ಮುಟ್ಟಿದ ಬೆಂಕಿ ತಾನಾಗಿ ಆರಿದಾಗ ಅವಳು ಚಪ್ಪಾಳೆ ತಟ್ಟಿದಳು. ವರ್ಷಕ್ಕೊಂದು ತುಂಡಿನಂತೆ ಸುಟ್ಟೆವು. ಸುಟ್ಟ ಮರುವರ್ಷ ಅಲ್ಲಿ ಚಿನ್ನದ ಹುಲ್ಲು ಎಷ್ಟು ಹೂವು ಬಿಟ್ಟಿತೆಂದರೆ, ಎಣಿಸಿ ಎಣಿಸಿ ಅವಳ ಮಂಡಿ ನಿನ್ನದರಂತಾಯಿತು.

ಈ ಸೆಪ್ಟೆಂಬರಿನಲ್ಲಿ ಹೆದ್ದಾರಿ ಕಡೆಯಿಂದ ದೊಡ್ಡ ಬೆಂಕಿ ಬಂತು. ಮೂರು ದಿನ ಉರಿಯಿತು. ಹೊಳೆಯಂಚಿನ ಕಾಡು ಹೋಯಿತು, ಅಪ್ಪ ಜೇನು ಕೀಳುತ್ತಿದ್ದ ಮರವೂ ಹೋಯಿತು. ಇನ್ನೇನು ಊರಿಗೆ ನುಗ್ಗಿತು ಎಂದು ಹಾಸಿಗೆ, ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹಾಕಿದ್ದೆವು. ನಾವು ಮೇಯಲ್ಲಿ ಸುಟ್ಟ ಪಟ್ಟಿಯವರೆಗೆ ಬಂದದ್ದು, ತಿನ್ನಲು ಏನೂ ಸಿಗದೆ ಅಲ್ಲೇ ಸತ್ತಿತು. ಅಣ್ಣಾ, ಆಚೆ ಬದಿ ಕಪ್ಪು, ಈಚೆ ಬದಿ ಹಸಿರು, ನಡುವೆ ನಾನು ನಿಂತು ನಿನ್ನ ಹೆಸರು ಕೂಗಿದೆ.

ಕಳೆದ ವಾರ ಮೀಸಲು ಪ್ರದೇಶದ ಹೊಸ ಸಾಹೇಬ ಶಾಲೆಯಲ್ಲಿ ಸಭೆ ಕರೆದ. ಬೆಂಕಿಗೆ ಊರವರೇ ಕಾರಣ, ಇನ್ನು ಮುಂದೆ ಬೆಂಕಿ ಮುಟ್ಟುವುದಿಲ್ಲ ಎಂದು ಬರೆದ ಕಾಗದಕ್ಕೆ ಎಲ್ಲರೂ ಸಹಿ ಹಾಕಬೇಕಂತೆ. ಲೂಸಿಮಾರಾ ಎದ್ದು ಉಪಗ್ರಹದ ಚಿತ್ರ ಹಾಸಿ, ಬೆಂಕಿ ಎಲ್ಲಿ ಹುಟ್ಟಿತು, ಎಲ್ಲಿ ನಿಂತಿತು ಎಂದು ಬೆರಳಿಟ್ಟು ತೋರಿಸಿದಳು. "ಅಲ್ಲಿ ನಿಂತಿದ್ದು ಆಕಸ್ಮಿಕ. ನಿಮ್ಮ ಪರವಾನಗಿನೂ ಮತ್ತೆ ನೋಡಬೇಕಾಗುತ್ತೆ ಮೇಡಂ" ಅಂದ. ಆಮೇಲೆ ಪೆನ್ನು ನನ್ನ ಕಡೆ ಚಾಚಿ, ಮೆಲ್ಲಗೆ, "ನಿಮ್ಮಣ್ಣನ ಗತಿ ಗೊತ್ತಲ್ಲಮ್ಮಾ?" ಅಂದ.

"ಗೊತ್ತು ಸ್ವಾಮೀ. ಅದಕ್ಕೇ ಸಹಿ ಹಾಕಲ್ಲ" ಅಂದೆ.

ಪೆನ್ನನ್ನು ಅವನ ಕಡೆಗೇ ತಳ್ಳಿದೆ. ಎಂಬತ್ತು ದಾಟಿದ ಬೆನ್ವಿಂದಜ್ಜಿ ಹಿಂದಿನಿಂದ, "ನಾನೂ ಹಾಕಲ್ಲ. ನನ್ನ ಹಿಡ್ಕೊಂಡು ಹೋಗೋದಾದ್ರೆ ಜೀಪಿಗೆ ಎತ್ತಿ ಕೂರಿಸ್ಬೇಕಪ್ಪಾ, ಕಾಲು ಬರಲ್ಲ" ಅಂದಳು. ಶಾಲೆಯೆಲ್ಲ ನಕ್ಕಿತು. ಆ ಕಾಗದ ಒಂದೂ ಸಹಿಯಿಲ್ಲದೆ ವಾಪಸು ಹೋಯಿತು. ಊರನ್ನು ಎತ್ತಿಕಟ್ಟಿದೆನೆಂದು ಈಗ ನನಗೆ ನೋಟೀಸು ಬಂದಿದೆ. ಬರಲಿ. ಬರುವ ಮೇಯಲ್ಲಿ ಲೂಸಿಮಾರಾಗೆ ಪರವಾನಗಿ ಸಿಕ್ಕರೂ ಸಿಗದಿದ್ದರೂ ಈ ಹುಲ್ಲು ಸುಡುತ್ತೇವೆ, ಹಾಡುಹಗಲಲ್ಲಿ, ಎಲ್ಲರೂ ನೋಡುವಂತೆ.

ಅತ್ತಿಗೆಗೆ ನನ್ನ ನೆನಪು ಹೇಳು. ದೇವರು ನಿನ್ನನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ತಂಗಿ,
ದೊರ್ವಲಿನಾ

ಬರೆಯಲು ಮರೆತದ್ದು: ಈ ಕಾಗದ ಒಯ್ಯುವ ಬಸ್ಸು ಹಾರ್ನ್ ಹಾಕುತ್ತಿದೆ. ನೋಟೀಸಿನ ವಿಚಾರಣೆ ಇದೇ ಇಪ್ಪತ್ತೊಂದಕ್ಕೆ, ಪಟ್ಟಣದಲ್ಲಿ. ಬೆಂಕಿಯ ವಿಷಯ ಬಲ್ಲ ಸಾಕ್ಷಿ ಯಾರಿದ್ದಾರೆ ಎಂದು ಕೇಳಿದರು. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿಬಿಟ್ಟಿದ್ದೇನೆ. ಬೈಯುವುದಿದ್ದರೆ ಬಂದು ಬೈ.