ಇಬತ್ತಿ ಹಚ್ಚಿದ ಇಂಜಿನ್

ಶಹಾಬಜಾರ, ಕಲಬುರ್ಗಿ
ಮಾಘ ಬಹುಳ ದಶಮಿ, ಫಸಲಿ ೧೩೩೮

ನನ್ನ ಮನೆಯವರಿಗೆ ಚಂದಮ್ಮನ ಶರಣು ಶರಣಾರ್ಥಿಗಳು.

ಹೇಗಿದ್ದೀರಿ? ಊಟ ಸೇರುತ್ತದೆಯೇ? ಕಣ್ಣು ಉರಿಯುವುದು ನಿಂತಿತೇ? ಮಿರಜಿನ ದವಾಖಾನೆಯಲ್ಲಿ ಅನ್ನವನ್ನೇ ಕೊಡುತ್ತಾರೆಂದು ಕೇಳಿ ಅತ್ತೆಯವರಿಗೆ ದಿನವೂ ಚಿಂತೆ. ರೊಟ್ಟಿ ಇಲ್ಲದೆ ನನ್ನ ಮಗ ಅರ್ಧ ಆಗಿರುತ್ತಾನೆ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಅವರ ಮೊಣಕಾಲು ನೋವು ಇದ್ದ ಹಾಗೇ ಇದೆ. ನಾನೂ ಇದ್ದೇನೆ. ನನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದುವುದು ಮೈದುನ ಜಗದೇವಪ್ಪನಿಗೆ ಕಷ್ಟವಾದರೆ ನಿಧಾನವಾಗಿ ಓದಲಿ, ಮಧ್ಯೆ ಮಧ್ಯೆ ಬಿಟ್ಟು ಓದುವುದು ಬೇಡ.

ಅವನು ಬರೆದ ಪತ್ರ ಮುಟ್ಟಿತು. ಪಟ್ಟಿ ಬಿಚ್ಚಿದ ಮೇಲೆ ನಿಮಗೆ ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಎಂಬಷ್ಟೇ ಕಾಣುತ್ತದೆ ಎಂದು ತಿಳಿಯಿತು. ಡಾಕ್ಟರರು ಪೊರೆ ತೆಗೆದರೂ ಒಳಗಿನ ನರ ಮೊದಲೇ ಒಣಗಿತ್ತಂತೆ. ಅದು ಯಾರ ಕೈಯಲ್ಲೂ ಇರುವ ಮಾತಲ್ಲ. ಆದರೆ ನೀವು ಗೋಡೆಯ ಕಡೆ ತಿರುಗಿ ಮಲಗಿದ್ದೀರಂತೆ. “ಕಣ್ಣಿಲ್ಲದ ಘಡಿಯಾರದಾಂವಗ ಕಲಬುರ್ಗ್ಯಾಗ ಏನ ಕೆಲಸ? ನಾ ವಾಪಸ್ ಬರಂಗಿಲ್ಲ” ಅಂದಿರಂತೆ. ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಒಲೆಯ ಮೇಲಿನ ಬೇಳೆ ಉಕ್ಕಿ ಎರಡೂ ಅಷ್ಟಕ್ಕೇ ನಿಂತವು. ನಿಮ್ಮನ್ನು ಸಮಾಧಾನ ಮಾಡುವ ಮಾತು ನನ್ನ ಹತ್ತಿರ ಇಲ್ಲ. ದಣಿದಿದ್ದೇನೆ. ಹಾಗಾಗಿ ಇಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕಮಲಾಪುರದ ನೂರಜಹಾನ್ ಬೇಗಂ ಅವರ ಆಟಿಕೆ ಇಂಜಿನ್ ನಿಮಗೆ ನೆನಪಿರಬೇಕು. ಮಿರಜಿಗೆ ಹೊರಡುವ ಮುಂಚೆ ನೀವು ಅದನ್ನು ಬಿಚ್ಚಿ, ತುಂಡುತುಂಡಾಗಿ ಧೋತರದ ಚೂರಿನಲ್ಲಿ ಕಟ್ಟಿಟ್ಟು ಹೋದಿರಿ. ಅವರ ತಂದೆ ವಿಲಾಯತಿಯಿಂದ ತರಿಸಿಕೊಟ್ಟದ್ದಂತೆ, ಹುಡುಗಿಯಾಗಿದ್ದಾಗ ಆಡಿದ್ದಂತೆ; ಉಸಿರಿರುವಾಗಲೇ ಒಮ್ಮೆ ಅದು ತಿರುಗುವುದನ್ನು ನೋಡಬೇಕು ಎಂದು ಹೇಳಿ ಕಳಿಸುತ್ತಲೇ ಇದ್ದರು. ಗಂಟನ್ನು ಹಾಗೇ ವಾಪಸ್ ಕೊಟ್ಟುಬಿಡೋಣ ಎಂದು ನನಗೂ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಾಗೆ ಕೊಟ್ಟರೆ ನಿಮ್ಮ ಘಡಿಯಾರದ ಅಂಗಡಿ ಮುಚ್ಚಿತೆಂದು ಸಂಜೆಯೊಳಗೆ ಸ್ಟೇಶನ್ ಬಜಾರಕ್ಕೆಲ್ಲ ಗೊತ್ತಾಗುತ್ತಿತ್ತು. ಕಣ್ಣು ಮಂಜಾದ ಈ ಎರಡು ವರ್ಷ ನೀವು ಘಡಿಯಾರಗಳನ್ನು ಮನೆಗೆ ತಂದು “ಚಂದಾ, ಈ ಸ್ಕ್ರೂ ಒಂದೀಟ ಕೂಡಸು, ಈ ಹಲ್ಲ ಎಣಿಸು” ಎನ್ನುತ್ತಿದ್ದಾಗ ಯಾರಿಗೂ ಹೇಳದೆ ಕೂಡಿಸಿದವಳು ನಾನು. ಈಗಲೂ ಹೇಳದೆ ಕೂತೆ.

ನೋಡಲು ಎಷ್ಟು ಮುದ್ದಾದ ವಸ್ತು ಅದು! ಮೊಳದುದ್ದವೂ ಇಲ್ಲದ ಹಲಗೆಯ ಮೇಲೆ ಹಿತ್ತಾಳೆಯ ಪುಟ್ಟ ಹಂಡೆ, ಅದರ ಕೆಳಗೆ ಸ್ಪಿರಿಟ್ ದೀಪ, ಮೇಲೆ ಒಂದು ಚಿಮಣಿ, ಪಕ್ಕದಲ್ಲಿ ಕೆಂಪು ಬಣ್ಣದ ಗಾಲಿ. ನೀರು ಕುದಿದರೆ ಉಗಿ ಹೋಗಿ ನೀವು ಪಿಸ್ಟನ್ ಎನ್ನುವ ದಟ್ಟೆಯನ್ನು ತಳ್ಳಬೇಕು, ದಟ್ಟೆ ಗಾಲಿಯನ್ನು ತಿರುಗಿಸಬೇಕು. ಆ ದಟ್ಟೆ ಒಳಗೇ ಕಚ್ಚಿಕೊಂಡಿತ್ತು. ಯಾವ ಕಾಲದಲ್ಲೋ ಯಾರೋ ಹಾಕಿದ ಹರಳೆಣ್ಣೆ ಅಂಟಾಗಿ ಕುಳಿತಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ಬೆರಳಿಂದ ಅಲುಗಾಡಿಸಿ ಅಲುಗಾಡಿಸಿ ಬಿಡಿಸಿದೆ. ಒತ್ತಾಯ ಮಾಡಿದರೆ ಮುರಿಯುತ್ತದೆ ಎಂದು ನೀವೇ ನನಗೆ ಬೈದು ಕಲಿಸಿದ್ದಲ್ಲವೇ. ಹಂಡೆಯೊಳಗೆ ಹುಣಸೆ ನೀರು ತುಂಬಿಟ್ಟು ಒಳಗೆ ಕಟ್ಟಿದ್ದ ನೀರಿನ ಉಪ್ಪಿನ ಗಾರು ಕರಗಿಸಿದೆ, ಹೊರಗೂ ಹುಣಸೆ ಹಚ್ಚಿ ತೊಳೆದೆ, ತೊಳೆದ ಪಾತ್ರೆಗಳ ಜೊತೆ ಅಂಗಳದ ಬಿಸಿಲಿಗೆ ಇಟ್ಟೆ. ಇಟ್ಟು ನೀರಿಗೆ ಹೋದೆ.

ಅಷ್ಟರಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಕರೀಂಸಾಬ್ ಓಣಿಯಲ್ಲಿ ತಿದಿ ಹೂಡಿದ. ಅತ್ತೆಯವರು ಮನೆಯ ಪಾತ್ರೆಗಳನ್ನೆಲ್ಲ ಒಯ್ದು ಕೊಟ್ಟರು, ಇಂಜಿನ್ನಿನ ಹಂಡೆಯನ್ನೂ ಕೊಟ್ಟರು. ನಾನು ಕೊಡ ಇಳಿಸಿ ನೋಡಿದರೆ ಅದು ಕೆಂಡದ ಮೇಲೆ! ಓಡಿ ಹೋಗುವಷ್ಟರಲ್ಲಿ ಬೆಸುಗೆ ಕರಗಿ, ಒಂದು ಕಡೆಯ ಮುಚ್ಚಳ ಕಳಚಿ ಬೂದಿಯಲ್ಲಿ ಬಿದ್ದಿತ್ತು. ಕರೀಂಸಾಬ್ ತಲೆಯ ಮೇಲೆ ಕೈ ಹೊತ್ತು, “ಯವ್ವಾ, ನನ್ನ ಕೈಯಾಗ ಪಾತ್ರಿ ಬೆಳಗ್ಯಾವ, ಬಿಚ್ಚಿದ್ದು ಇದ ಒಂದ ನೋಡ್ರಿ” ಎಂದ. ಅತ್ತೆಯವರಿಗೆ ಏನಾಯಿತೆಂದೇ ತಿಳಿಯಲಿಲ್ಲ. “ಬೇಗಂ ಇದರಾಗ ಚಾ ಕಾಸ್ತಾಳ ಅಂತ ತಿಳದೆ. ಚಿಮಣಿ ಅದ, ತೂತ ಅದ. ಕಲಾಯಿ ಇಲ್ಲಂದ್ರ ಕಿಲುಬ ಏರಿ ಯಾರರೇ ಸತ್ತರ ಪಾಪ ನಮಗಽ ಬರ್ತದಲ್ಲ? ನಿನಗೊಂದ ಕೆಲಸ ಕಡಿಮಿ ಆಗ್ಲಿ ಅಂತ ಮಾಡಿದೆ” ಎಂದರು. ನಾನು ಅಂಗಳದಲ್ಲೇ ಕೂತುಬಿಟ್ಟೆ. ಸಾಕಪ್ಪಾ ಸಾಕು ಅನ್ನಿಸಿತು. ಇದಕ್ಕಿಂತ ಹೆಚ್ಚು ಸೋತದ್ದು ನಿಮ್ಮ ಸುದ್ದಿ ಬಂದ ದಿನ ಮಾತ್ರ.

ಕರೀಂಸಾಬ್ ಮಾತ್ರ ಗಂಟು ಕಟ್ಟಿಕೊಂಡು ಹೋಗಲಿಲ್ಲ. ಬೆಸುಗೆಗೆ ಅವನ ನವಸಾಗರ, ಅವನ ತವರ, ನಿಮ್ಮ ಚಿಮಟ, ನನ್ನ ಕೈ. ನಾನು ಮುಚ್ಚಳ ಹಿಡಿದೆ, ಅವನು ಬೆಸೆದ. ನೀರು ತುಂಬಿ ಒಣ ಬೂದಿಯ ಮೇಲೆ ಇಟ್ಟು ನೋಡಿದರೆ ಬೂದಿ ತೇವ. ಮತ್ತೆ ಕರಗಿಸಿ ಮತ್ತೆ ಬೆಸೆದೆವು, ಮತ್ತೆ ತೇವ. ಮರುದಿನವೂ ಅದೇ ಹಣೆಬರಹ. ಅವನು ತನ್ನ ಬೇರೆ ಓಣಿಗಳನ್ನೆಲ್ಲ ಬಿಟ್ಟು ನಮ್ಮ ಕಟ್ಟೆಯ ಮೇಲೆ ಕೂತ. ನನ್ನ ಎರಡು ಬೆರಳು ಸುಟ್ಟವು. ಕೊನೆಗೊಂದು ಮಧ್ಯಾಹ್ನ ಬೂದಿ ಒಣಗಿಯೇ ಉಳಿಯಿತು. ಇಬ್ಬರಿಗೂ ಖುಷಿಪಡುವ ಶಕ್ತಿ ಇರಲಿಲ್ಲ. ಅವನು ಚಹಾ ಕುಡಿದು ಹೋದ, ನಾನು ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದೆ.

ಕೆಂಡಕ್ಕೆ ಹಿತ್ತಾಳೆ ಕಪ್ಪಾಗಿತ್ತು. ಹುಣಸೆಗೆ ಕಪ್ಪು ಹೋಯಿತು, ಹೊಳಪು ಬರಲಿಲ್ಲ. ಇಟ್ಟಂಗಿ ಪುಡಿಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಆಗ ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು. ಅದಕ್ಕಿಂತ ನಯವಾದ ಪುಡಿ ನಮ್ಮ ಮನೆಯಲ್ಲಿ ಇನ್ನೇನಿದೆ ಹೇಳಿ. ಒಂದು ಚೂರು ಮುರಿದು, ಹಳೆಯ ಧೋತರಕ್ಕೆ ಹಚ್ಚಿ ತಿಕ್ಕುತ್ತಿದ್ದೆ, ಸಿಕ್ಕಿಬಿದ್ದೆ. “ಇಬತ್ತಿ ಹಣಿಗಿ ಹಚ್ಚೂದೋ ಹಿತ್ತಾಳಿಗಿ ಹಚ್ಚೂದೋ? ಬುದ್ಧಿ ಅದನ ಇಲ್ಲ?” ಎಂದು ಅತ್ತೆಯವರು ಓಣಿಗೆಲ್ಲ ಕೇಳುವಂತೆ ಕೂಗಿದರು. ನಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಆ ಚೂರು ತೀರಿತು. ಸ್ವಲ್ಪ ಹೊತ್ತಿಗೆ ಅವರೇ ಬಂದು, ತಮ್ಮ ಪೂಜೆಯ ಗಟ್ಟಿಯನ್ನು ನನ್ನ ಪಕ್ಕ ಇಟ್ಟು, ಇನ್ನೊಂದು ಅರಿವೆ ಹಿಡಿದು ಎದುರು ಕೂತರು. ಚಿಮಣಿ ಬೆಳಗಿದ್ದು ಅವರೇ. ಹಚ್ಚುವಾಗ ಬಾಯಲ್ಲಿ ಓಂ ನಮಃ ಶಿವಾಯ ಎನ್ನುತ್ತಿದ್ದರು, ಅದರಿಂದ ಪಾಪ ಕಡಿಮೆಯಾಗುತ್ತದೆಂದು. ಹಂಡೆ ಕೊನೆಗೆ ಎಷ್ಟು ಹೊಳೆಯಿತೆಂದರೆ ನನ್ನ ಮುಖದ ದಣಿವು ಅದರಲ್ಲಿ ನನಗೇ ಕಂಡಿತು. ನೋಡಿ ಬೇಜಾರಾಯಿತು. ಅಂದೇ ರಾತ್ರಿ ತುಂಡುಗಳನ್ನೆಲ್ಲ ಮತ್ತೆ ಹಲಗೆಗೆ ಕೂಡಿಸಿದೆ.

ನಿನ್ನೆ ಅತ್ತೆಯವರೂ ನಾನೂ ಮೋಟಾರಿನಲ್ಲಿ ಕಮಲಾಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಇಂಜಿನ್ ನನ್ನ ತೊಡೆಯ ಮೇಲೆ. ಪ್ರತಿ ತಗ್ಗಿಗೂ ಬೆಸುಗೆ ಬಿಟ್ಟಿತೆಂದೇ ಜೀವ ಹಾರುತ್ತಿತ್ತು. ಹವೇಲಿಯ ಬಾಗಿಲಲ್ಲಿ ಕೆಲಸದ ರೋಷನಬಿ, ಗಂಡಸರಾದರೆ ವಸ್ತು ಇಲ್ಲೇ ಕೊಟ್ಟು ಹೋಗಬೇಕು, ಹೆಂಗಸರು ನೀವು, ಒಳಗೇ ಬನ್ನಿ ಎಂದಳು. ಬೇಗಂ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಬಿಸಿನೀರು ತರಿಸಿ ಹಂಡೆಗೆ ತುಂಬಿದೆ, ದಟ್ಟೆಗೆ ಎಣ್ಣೆ ಬಿಟ್ಟೆ, ಸ್ಪಿರಿಟ್ ದೀಪ ಹಚ್ಚಿದೆ. ಎಷ್ಟೋ ಹೊತ್ತು ಏನೂ ಇಲ್ಲ. ಅತ್ತೆಯವರು ಸೆರಗಿನೊಳಗೆ ಲಿಂಗ ಹಿಡಿದು ಕೂತಿದ್ದರು. ಆಮೇಲೆ ಹಂಡೆ ಗುಂಯ್ ಎಂದಿತು. ಗಾಲಿಯನ್ನು ಬೆರಳಿಂದ ಒಮ್ಮೆ ತಳ್ಳಿದೆ, ನಿಂತಿತು. ಮತ್ತೆ ತಳ್ಳಿದೆ, ಹೊರಟಿತು. ಟಕಟಕ ಎಂದು ತಿರುಗುತ್ತಲೇ ಹೋಯಿತು. ಬೇಗಂ ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣು ನೀರಿನ ಮೇಲಿತ್ತು, ನೀರು ತೀರುವ ಮೊದಲು ದೀಪ ಆರಿಸದಿದ್ದರೆ ಬೆಸುಗೆ ಮತ್ತೆ ಕರಗುತ್ತದಲ್ಲ. ಆರಿಸಿದ ಮೇಲೆ ಅವರು ನನ್ನ ಕೈ ಎಳೆದುಕೊಂಡು, ಸುಟ್ಟ ಬೆರಳುಗಳನ್ನು ತಿರುವಿ ತಿರುವಿ ನೋಡಿದರು. “ಬೇಟಿ, ಉಸ್ತಾದ ಇಲ್ಲದಾಗ ಈ ಕೆಲಸ ಯಾರ ಕಲಿಸಿದ್ರು ನಿನಗ?” ಎಂದರು. ನಮ್ಮ ಮನೆಯವರೇ ಎಂದೆ.

ಬರುವಾಗ ಕೆಂಬಾಳೆ ಹಣ್ಣಿನ ಒಂದು ಚಿಪ್ಪು ಕೊಟ್ಟು ಕಳಿಸಿದರು. ಅತ್ತೆಯವರು ನಿಮಗೆ ಮನಸಾರೆ ಆಶೀರ್ವಾದ ಹೇಳಿದ್ದಾರೆ, ಕರೀಂಸಾಬ್ ಸಲಾಂ ಹೇಳಿದ್ದಾನೆ. ಜಗದೇವಪ್ಪನಿಗೆ ನನ್ನ ಆಶೀರ್ವಾದ. ಅವನೂ ಹೊತ್ತಿಗೆ ಸರಿಯಾಗಿ ಉಣ್ಣಲಿ. ನಿಮ್ಮ ಮೈ ಚೆನ್ನಾಗಿಟ್ಟುಕೊಳ್ಳಿ, ನನ್ನ ಮೇಲೆ ಮನಸ್ಸಿರಲಿ.

ಇಂತಿ ನಿಮ್ಮ
ಚಂದಮ್ಮ

ತಾ. ಕ.: ಟಪಾಲು ಹೋಗುವ ಹೊತ್ತಾಯಿತು. ಹೇಳಬೇಕಾದದ್ದೇ ಉಳಿಯಿತು. ಬೇಗಂ ಅವರ ಜನಾನಾದಲ್ಲಿ ಮೂರು ದೊಡ್ಡ ಗೋಡೆ ಘಡಿಯಾರಗಳು ನಿಂತುಹೋಗಿವೆ. ಗಂಡಸರು ಒಳಗೆ ಬರುವ ಹಾಗಿಲ್ಲ ಎಂದು ಯಾರೂ ಮುಟ್ಟಿಲ್ಲ. ನೀನು ಮಾಡುತ್ತೀಯಾ ಎಂದು ಕೇಳಿದರು, ನಾನು ಹೂಂ ಅಂದುಬಿಟ್ಟೆ. ಹೊರಗಿನ ಪಡಸಾಲೆಯಲ್ಲಿ ನಮ್ಮ ಮನೆಯವರು ಕೂತಿರುತ್ತಾರೆ, ಬಿಚ್ಚಿ ತಂದದ್ದನ್ನು ಕೈಯಿಂದ ಮುಟ್ಟಿ ಹೇಳುತ್ತಾರೆ, ಹೇಳಿದ ಹಾಗೆ ನಾನು ಮಾಡುತ್ತೇನೆ ಎಂದೂ ಹೇಳಿದೆ. ಅಷ್ಟು ದೊಡ್ಡ ಘಡಿಯಾರದೊಳಗೆ ನಾನು ಎಂದೂ ಕೈ ಹಾಕಿದವಳಲ್ಲ. ನೀವಿಲ್ಲದೆ ನನಗೆ ಅದನ್ನು ಬಿಚ್ಚಲು ಬರುತ್ತದೆ, ಕೂಡಿಸಲು ಬರುವುದಿಲ್ಲ. ಸೋಮವಾರದ ಗಾಡಿಗೆ ಅತ್ತೆಯವರೂ ನಾನೂ ಹೊರಡುತ್ತೇವೆ, ಕುರ್ಡುವಾಡಿಯಲ್ಲಿ ಗಾಡಿ ಬದಲಿಸಿ ಬರುತ್ತೇವೆ. ಮಿರಜ ಸ್ಟೇಶನ್ನಿಗೆ ಜಗದೇವಪ್ಪನೊಬ್ಬನನ್ನೇ ಕಳಿಸಬೇಡಿ. ಎದ್ದು, ಅವನ ಕೈ ಹಿಡಿದು, ನೀವೂ ಬನ್ನಿ.